ಎರಡು ಅಂಕದ ಪ್ರಶ್ನೆಯಾಚೆ ಲಿಯೋ ಕ್ಯಾನರ್

ಮನಃಶಾಸ್ತ್ರ ಓದಿದ ನಮಗೆಲ್ಲ ಲಿಯೋ ಕ್ಯಾನರ್ ಅಂದರೆ ಎರಡು ಅಂಕದ ಪ್ರಶ್ನೆ. ಆಟಿಸಂ ಅನ್ನು ವಿವರಿಸಿದ ವೈದ್ಯರು ಯಾರು, ಯಾವ ವರ್ಷ? ಲಿಯೋ ಕ್ಯಾನರ್, 1943. ಅಷ್ಟು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಮಡಿಕೇರಿಯಲ್ಲಿ ಪದವಿ ಮಾಡುವಾಗ ನಾನೂ ಹಾಗೇ ಬರೆದು ಪಾಸಾದವಳು. ಆದರೆ ಮೂರು ವರ್ಷಗಳಿಂದ ಈ ಮನುಷ್ಯ ಉತ್ತರ ಪತ್ರಿಕೆಯಿಂದ ಎದ್ದು ನಮ್ಮ ಮನೆಯ ಮಾತುಕತೆಯೊಳಗೆ ಬಂದು ಕೂತಿದ್ದಾರೆ. ಅಕ್ಕನ ಮಗನಿಗೆ ಆಟಿಸಂ ಇದೆ ಎಂದು ಗೊತ್ತಾದದ್ದು ಆಗಲೇ.

ನಮ್ಮದು ಸೋಮವಾರಪೇಟೆ ಕಡೆಯ ಹಳ್ಳಿ. ಕಾಫಿ ತೋಟದ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಸುದ್ದಿ ಹರಡಲು ಮಾತ್ರ ಈ ದೂರ ಅಡ್ಡಿಯಾಗಲಿಲ್ಲ. ಮದುವೆಯಲ್ಲಿ, ತಿಥಿಯಲ್ಲಿ, ಸಂತೆಯಲ್ಲಿ ಸಿಕ್ಕವರೆಲ್ಲ ಒಂದೊಂದು ಕಾರಣ ಹೇಳಿದರು. ಅಕ್ಕ ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗಿದ್ದು ತಪ್ಪು ಎಂದರು ಒಬ್ಬರು. ಮೊಬೈಲ್ ಕೊಟ್ಟಿದ್ದು ಎಂದರು ಇನ್ನೊಬ್ಬರು. ಗರ್ಭಿಣಿಯಾಗಿದ್ದಾಗ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದರಲ್ಲ, ಅದೇ ಇರಬೇಕು ಎಂದರು ಮತ್ತೊಬ್ಬರು. ಚುಚ್ಚುಮದ್ದು, ಪದೇ ಪದೇ ಮಾಡಿಸಿದ ಸ್ಕ್ಯಾನಿಂಗ್, ತಡವಾದ ಮದುವೆ, ಜೊತೆಗೆ ಆಡಲು ಮಕ್ಕಳಿಲ್ಲದ ಒಂಟಿ ಮನೆ, ಹೀಗೆ ಪಟ್ಟಿ ಬೆಳೆಯಿತು. ಪ್ರತಿಯೊಬ್ಬರ ಬಳಿಯೂ ಒಂದು ಕಾರಣ. ಪ್ರತಿ ಕಾರಣದ ತುದಿಯಲ್ಲೂ ಅಕ್ಕನೇ ನಿಂತಿದ್ದಳು.

ಮಗುವಿನ ತೊಂದರೆಗೆ ತಾಯಿಯ ಕಡೆ ಬೆರಳು ತೋರಿಸುವ ಈ ಅಭ್ಯಾಸ ನಮ್ಮ ಊರಿನದು ಮಾತ್ರ ಅಲ್ಲ, ಇದಕ್ಕೆ ದೊಡ್ಡ ವಿದ್ವಾಂಸರ ಚರಿತ್ರೆಯೇ ಇದೆ ಎಂದು ನನಗೆ ತಿಳಿದದ್ದು ಕ್ಯಾನರ್ ಬದುಕನ್ನು ಓದಿದಾಗ.

ಕ್ಯಾನರ್ ಹುಟ್ಟಿದ್ದು 1894ರ ಜೂನ್ 13ರಂದು, ಕ್ಲೆಕೊತಿವ್ ಎಂಬ ಪುಟ್ಟ ಊರಿನ ಯಹೂದಿ ಕುಟುಂಬದಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿತ್ತು, ಈಗ ಉಕ್ರೇನಿನಲ್ಲಿದೆ. ಹುಡುಗನಿಗೆ ಕವಿಯಾಗುವ ಆಸೆಯಿತ್ತು. ಅದು ಕೈಗೂಡದೆ ಬರ್ಲಿನ್‌ನಲ್ಲಿ ವೈದ್ಯಕೀಯ ಓದಲು ಸೇರಿದರು. ನಡುವೆ ಮೊದಲ ಮಹಾಯುದ್ಧ ಬಂದು ಸೈನ್ಯದಲ್ಲಿ ಸೇವೆ ಮಾಡಬೇಕಾಯಿತು. 1921ರಲ್ಲಿ ಪದವಿ ಸಿಕ್ಕಿತು. ಯುದ್ಧ ಸೋತ ಜರ್ಮನಿಯಲ್ಲಿ ಹಣಕ್ಕೆ ಬೆಲೆಯೇ ಇಲ್ಲದ ಕಾಲ. 1924ರಲ್ಲಿ ಅಮೆರಿಕದ ದಕ್ಷಿಣ ಡಕೋಟಾ ರಾಜ್ಯದ ಯಾಂಕ್ಟನ್ ಎಂಬ ಊರಿನ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದಾಗ ಹೊರಟೇಬಿಟ್ಟರು. ಆಗ ಅವರಿಗೆ ಮೂವತ್ತು ವರ್ಷ. ದೇಶ ಹೊಸದು, ಭಾಷೆ ಹೊಸದು, ಮನೋವೈದ್ಯಕೀಯವೂ ಹೊಸದು. ವಯಸ್ಸು ಮೀರುತ್ತಿದೆ ಎಂದು ಅರ್ಜಿ ಹಾಕುವಾಗಲೆಲ್ಲ ಚಡಪಡಿಸುವ ನನ್ನಂಥವರಿಗೆ ಈ ಭಾಗ ತುಸು ಧೈರ್ಯ ಕೊಡುತ್ತದೆ.

1928ರಲ್ಲಿ ಅವರು ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಬಂದರು. ಎರಡು ವರ್ಷದ ನಂತರ ಅಲ್ಲಿ ಮಕ್ಕಳಿಗಾಗಿಯೇ ಮನೋವೈದ್ಯಕೀಯ ವಿಭಾಗ ಕಟ್ಟಿದರು. 1935ರಲ್ಲಿ ಅವರು ಬರೆದ ಮಕ್ಕಳ ಮನೋವೈದ್ಯಕೀಯದ ಪಠ್ಯಪುಸ್ತಕ ಇಂಗ್ಲಿಷಿನಲ್ಲಿ ಆ ವಿಷಯದ ಮೊದಲ ಪಠ್ಯ. ಹಿಟ್ಲರನ ಕೈಯಿಂದ ತಪ್ಪಿಸಿಕೊಂಡು ಬರುತ್ತಿದ್ದ ಯಹೂದಿ ವೈದ್ಯರಿಗೆ ಅಮೆರಿಕದಲ್ಲಿ ನೆಲೆ ಹುಡುಕಿಕೊಡಲು ಓಡಾಡಿದರು. ಬುದ್ಧಿಮಾಂದ್ಯ ಹುಡುಗಿಯರನ್ನು ಸರ್ಕಾರಿ ಸಂಸ್ಥೆಯಿಂದ ಬಿಡಿಸಿ, ಶ್ರೀಮಂತರ ಮನೆಗಳಿಗೆ ಅಗ್ಗದ ಮನೆಗೆಲಸದವರಾಗಿ ಕಳಿಸುತ್ತಿದ್ದ ವಕೀಲರ ದಂಧೆಯನ್ನು 1937ರಲ್ಲಿ ಬಯಲಿಗೆಳೆದರು. ಬುದ್ಧಿಮಾಂದ್ಯ ಮಕ್ಕಳಿಗೆ ದಯಾಮರಣ ಕೊಡಬೇಕೆಂದು ಅಮೆರಿಕದಲ್ಲೇ ಒಬ್ಬ ಹೆಸರಾಂತ ವೈದ್ಯ ವಾದಿಸಿದಾಗ, 1942ರಲ್ಲಿ ಅದನ್ನು ಬಹಿರಂಗವಾಗಿ ವಿರೋಧಿಸಿ ಬರೆದವರೂ ಇವರೇ.

ಇದಕ್ಕಿಂತ ಒಂದು ವರ್ಷ ಮೊದಲು, 1941ರಲ್ಲಿ, ತಾಯಂದಿರ ಪರವಾಗಿಯೇ ಒಂದು ಪುಸ್ತಕ ಬರೆದರು. ತಜ್ಞರ ಮಾತು ಕೇಳಿ ಹೆದರಬೇಡಿ, ನಿಮ್ಮ ಸಹಜ ಬುದ್ಧಿಯನ್ನು ನಂಬಿ ಎಂಬುದು ಅದರ ಒಟ್ಟು ಧಾಟಿ. ಮುಂದಿನದನ್ನು ಓದುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

1938ರಲ್ಲಿ ಅವರಿಗೆ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನಿಂದ ಒಂದು ಪತ್ರ ಬಂತು. ಬರೆದವರು ಒಬ್ಬ ವಕೀಲರು. ಮಗ ಡೊನಾಲ್ಡ್ ಟ್ರಿಪ್ಲೆಟ್ ಬಗ್ಗೆ ಟೈಪ್ ಮಾಡಿಸಿದ 33 ಪುಟಗಳು. ಎರಡು ವರ್ಷಕ್ಕೇ ಪ್ರಾರ್ಥನೆಗಳನ್ನು ಬಾಯಿಪಾಠ ಹೇಳುವ ಹುಡುಗ, ಆದರೆ ಅಪ್ಪ ಮನೆಗೆ ಬಂದರೆ ತಿರುಗಿ ನೋಡುವುದಿಲ್ಲ. ದುಂಡಗಿನ ವಸ್ತು ಸಿಕ್ಕಿದರೆ ತಿರುಗಿಸುತ್ತಾ ಕೂರುತ್ತಾನೆ. ದಿನಚರಿಯಲ್ಲಿ ಒಂದಿಷ್ಟು ಬದಲಾದರೂ ಕಿರುಚಾಟ. ಅದಕ್ಕೆ ಮೊದಲು ವೈದ್ಯರ ಸಲಹೆಯಂತೆ ಹುಡುಗನನ್ನು ಒಂದು ಸಂಸ್ಥೆಗೆ ಸೇರಿಸಲಾಗಿತ್ತು. ಸುಮಾರು ಒಂದು ವರ್ಷದ ನಂತರ, ಅಲ್ಲಿನವರು ಬೇಡವೆಂದರೂ ಕೇಳದೆ, ತಂದೆ ತಾಯಿ ಮಗನನ್ನು ಮನೆಗೆ ಕರೆತಂದಿದ್ದರು.

ಕ್ಯಾನರ್ ಆ 33 ಪುಟಗಳನ್ನು ಪಕ್ಕಕ್ಕಿಡಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಇಲ್ಲಿ. ಒಬ್ಬ ತಂದೆ ಕಂಡದ್ದನ್ನೆಲ್ಲ ವಿವರವಾಗಿ ಬರೆದ, ಒಬ್ಬ ವೈದ್ಯ ಅದನ್ನು ವಿವರವಾಗಿ ಓದಿದ. ಆಮೇಲೆ ಅಂಥದೇ ಲಕ್ಷಣದ ಬೇರೆ ಮಕ್ಕಳೂ ಕಣ್ಣಿಗೆ ಬಿದ್ದರು. 1943ರಲ್ಲಿ 11 ಮಕ್ಕಳ ಬಗ್ಗೆ, 8 ಗಂಡು 3 ಹೆಣ್ಣು, ಅವರ ಪ್ರಬಂಧ ಪ್ರಕಟವಾಯಿತು. ಮನುಷ್ಯರೊಂದಿಗೆ ಭಾವನೆಯ ಸಂಪರ್ಕ ಕಟ್ಟಿಕೊಳ್ಳುವ ಕಷ್ಟ ಈ ಮಕ್ಕಳಿಗೆ ಹುಟ್ಟಿನಿಂದಲೇ ಬಂದದ್ದು ಎಂದು ಅದರಲ್ಲಿ ಬರೆದರು. ನಮ್ಮ ಪಠ್ಯ ಹೇಳದ ಒಂದು ಮಾತನ್ನೂ ಸೇರಿಸಬೇಕು. ಇದೇ ಬಗೆಯ ಮಕ್ಕಳನ್ನು ಮಾಸ್ಕೋದ ವೈದ್ಯೆ ಗ್ರುನ್ಯಾ ಸುಖರೇವಾ 1925ರ ಹೊತ್ತಿಗೇ ವಿವರಿಸಿದ್ದರು. ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಅವರ ಪ್ರಬಂಧ ಬಂದದ್ದು 1944ರಲ್ಲಿ.

ಆದರೆ ಕ್ಯಾನರ್ ಅದೇ ಪ್ರಬಂಧದಲ್ಲಿ ಇನ್ನೊಂದು ಸಂಗತಿಯನ್ನೂ ಗುರುತಿಸಿದ್ದರು. ಈ ಮಕ್ಕಳ ತಂದೆ ತಾಯಿಗಳು ಹೆಚ್ಚಾಗಿ ತುಂಬಾ ಓದಿದವರು, ಅವರಲ್ಲಿ ಅಕ್ಕರೆ ತೋರುವವರು ಕಡಿಮೆ ಎಂದು. ವರ್ಷಗಳು ಕಳೆದಂತೆ ಮೊದಲ ಮಾತು ಹಿಂದೆ ಸರಿದು ಎರಡನೆಯದು ಮುಂದೆ ಬಂತು. 1949ರ ಲೇಖನದಲ್ಲಂತೂ ಈ ಮಕ್ಕಳು ಮಂಜು ಕರಗದ ಫ್ರಿಜ್ಜಿನೊಳಗೆ ಇಟ್ಟಂತೆ ಬೆಳೆದವರು ಎಂಬರ್ಥದ ಹೋಲಿಕೆ ಕೊಟ್ಟರು. ತಾಯಂದಿರ ಪರ ಪುಸ್ತಕ ಬರೆದ ಕೈಯೇ ಇದನ್ನೂ ಬರೆಯಿತು. ಆ ಹೋಲಿಕೆಯಿಂದಲೇ ಫ್ರಿಜ್ ತಾಯಿ ಎಂಬ ಬೈಗುಳ ಹುಟ್ಟಿ, ದೇಶ ದೇಶಕ್ಕೆ ಹರಡಿತು.

ಕ್ಯಾನರ್ ಎಡವಿದ್ದು ಎಲ್ಲಿ? ಉತ್ತರ ಬಹಳ ಸರಳ. 1940ರ ದಶಕದಲ್ಲಿ ದೂರದ ಊರಿನಿಂದ ರೈಲು ಹತ್ತಿ, ಬಾಲ್ಟಿಮೋರಿನ ದೊಡ್ಡ ತಜ್ಞರ ಬಳಿ ಮಗುವನ್ನು ಕರೆತರುವ ಶಕ್ತಿ ಇದ್ದದ್ದು ಯಾರಿಗೆ? ವಕೀಲರಿಗೆ, ವೈದ್ಯರಿಗೆ, ಪ್ರಾಧ್ಯಾಪಕರಿಗೆ. ಕೂಲಿಯವರ ಮಗು, ಕಪ್ಪು ಜನರ ಮಗು ಅವರ ಕೋಣೆಯವರೆಗೆ ಬರಲೇ ಇಲ್ಲ. ಬಾಗಿಲು ದಾಟಿ ಬಂದವರನ್ನು ನೋಡಿ, ಕಾಯಿಲೆ ಇರುವುದೇ ಇಂಥವರ ಮನೆಯಲ್ಲಿ ಎಂದುಕೊಂಡರು. ಇನ್ನು ಆ ತಂದೆ ತಾಯಿಗಳ ಬಿಗುಮಾನ? ವರ್ಷಗಟ್ಟಲೆ ತನ್ನ ಕಡೆ ನೋಡದ ಮಗುವನ್ನು ಎತ್ತಿಕೊಂಡು ಆಸ್ಪತ್ರೆ ಆಸ್ಪತ್ರೆ ಅಲೆದ ತಾಯಿ ವೈದ್ಯರ ಎದುರು ನಗುನಗುತ್ತಾ ಕೂರಬೇಕಿತ್ತೇ? ದಣಿದ ಮುಖವನ್ನು ತಣ್ಣನೆಯ ಮುಖ ಎಂದು ಓದಿದರೇನೋ ಎಂದು ಅಕ್ಕನನ್ನು ನೋಡುವಾಗ ನನಗೆ ಅನಿಸುತ್ತದೆ.

ನಮ್ಮ ಜಿಲ್ಲೆಯಲ್ಲೂ ಇದೇ ಎಡವಟ್ಟಿಗೆ ಜಾಗವಿದೆ. ಆಟಿಸಂ ಓದಿದವರ ಮನೆಯ, ಪೇಟೆಯವರ ಕಾಯಿಲೆ ಎಂಬ ಮಾತು ಕೇಳುತ್ತೇವೆ. ಬೆಳಗಿನ ಬಸ್ಸು ಹಿಡಿದು ಕುಶಾಲನಗರ ದಾಟಿ ಮೈಸೂರಿಗೆ ಹೋಗಿ ಬರಲು ಒಂದು ದಿನದ ಕೂಲಿ ಬಿಡಬೇಕಾದವರು, ತೋಟದ ಲೈನ್ ಮನೆಯವರು, ಹಾಡಿಯವರು ಮಗುವನ್ನು ತೋರಿಸಿಯೇ ಇರುವುದಿಲ್ಲ. ಹೆಸರು ಬರೆಸದ ಮಗು ಲೆಕ್ಕಕ್ಕಿಲ್ಲ, ಅಷ್ಟೇ.

ಕ್ಯಾನರ್ ಶುರುಮಾಡಿದ್ದನ್ನು ಬೇರೆಯವರು ಇನ್ನೂ ಮುಂದಕ್ಕೆ ಒಯ್ದರು. 1967ರಲ್ಲಿ ಷಿಕಾಗೋದ ಬ್ರೂನೊ ಬೆಟೆಲ್‌ಹೈಮ್ ಬರೆದ ಪುಸ್ತಕ, ಮಗುವನ್ನು ಒಳಗೊಳಗೇ ಬೇಡವೆಂದ ತಂದೆ ತಾಯಿಯರೇ ಆಟಿಸಂಗೆ ಕಾರಣ ಎಂದು ಸಾರಿತು. ಮಗುವಿಗೆ ಕಲಿಸುವ ಬದಲು ತಾಯಿಗೆ ಚಿಕಿತ್ಸೆ ಕೊಟ್ಟರು. ಮಕ್ಕಳನ್ನು ಮನೆಯಿಂದ ದೂರ ಇಡುವುದೇ ಮದ್ದು ಎಂದರು. ಒಂದು ತಲೆಮಾರಿನ ಮಕ್ಕಳ ಕಲಿಯುವ ವಯಸ್ಸು ಹೀಗೆ ಕಳೆದುಹೋಯಿತು.

ಎದುರು ನಿಂತವರು ಪೋಷಕರೇ. ಬರ್ನಾರ್ಡ್ ರಿಮ್ಲಂಡ್ ಅಮೆರಿಕದ ನೌಕಾಪಡೆಯಲ್ಲಿ ಮನಃಶಾಸ್ತ್ರಜ್ಞರಾಗಿದ್ದವರು, ಆಟಿಸಂ ಇದ್ದ ಮಗನ ತಂದೆ. ಸಿಕ್ಕಿದ ಸಂಶೋಧನೆಯನ್ನೆಲ್ಲ ಓದಿ 1964ರಲ್ಲಿ ಒಂದು ಪುಸ್ತಕ ಬರೆದರು. ತಾಯಿಯ ಪ್ರೀತಿ ಕಡಿಮೆಯಾದ್ದರಿಂದ ಆಟಿಸಂ ಬರುತ್ತದೆ ಎನ್ನಲು ಆಧಾರವಿಲ್ಲ, ಇದರ ಬೇರು ಮೆದುಳಿನಲ್ಲಿದೆ ಎಂದು ವಾದಿಸಿದರು. ಅದಕ್ಕೆ ಮುನ್ನುಡಿ ಬರೆದುಕೊಟ್ಟವರು ಬೇರೆ ಯಾರೂ ಅಲ್ಲ, ಕ್ಯಾನರ್. ಮರುವರ್ಷ ರಿಮ್ಲಂಡ್ ಮತ್ತು ಇತರ ಪೋಷಕರು ರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. 1969ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಆ ಸಂಘದ ಸಭೆಗೆ 75 ವರ್ಷದ ಕ್ಯಾನರ್ ಬಂದರು. ಆಟಿಸಂ ಹುಟ್ಟಿನಿಂದ ಬರುವುದೆಂದು ಮೊದಲಿನಿಂದ ಹೇಳುತ್ತಲೇ ಬಂದಿದ್ದೇನೆ, ನನ್ನ ಮಾತನ್ನು ತಿರುಚಿದ್ದಾರೆ ಎಂದರು. ಜನರಾಗಿ ನಿಮ್ಮನ್ನು ನಿರ್ದೋಷಿಗಳೆಂದು ಸಾರುತ್ತೇನೆ ಎಂಬರ್ಥದ ಮಾತನ್ನು ಪೋಷಕರ ಮುಂದೆ ಹೇಳಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಅದು ಪೂರ್ತಿ ಕ್ಷಮೆಯಾಗಿರಲಿಲ್ಲ. ಫ್ರಿಜ್ಜಿನ ಹೋಲಿಕೆ ಅವರದೇ ತಾನೇ? ಆದರೂ ತಾನು ಹೊರಿಸಿದ ಭಾರವನ್ನು ತಾನೇ ಇಳಿಸಲು ಆ ವಯಸ್ಸಿನಲ್ಲಿ ವೇದಿಕೆ ಹತ್ತಿದರು. ಅಷ್ಟನ್ನೂ ಮಾಡದೆ ಹೋದ ದೊಡ್ಡವರು ಬಹಳ ಮಂದಿ.

ಆಮೇಲಿನ ವಿಜ್ಞಾನ ಪೋಷಕರ ಪರವಾಗಿಯೇ ಬಂತು. 1977ರಲ್ಲಿ ಬ್ರಿಟನ್ನಿನ 21 ಅವಳಿ ಜೋಡಿಗಳ ಅಧ್ಯಯನ, ಆಟಿಸಂನಲ್ಲಿ ಅನುವಂಶೀಯತೆಗೆ ದೊಡ್ಡ ಪಾತ್ರವಿದೆ ಎಂದು ತೋರಿಸಿತು. 2019ರಲ್ಲಿ ಐದು ದೇಶಗಳ ಸುಮಾರು 20 ಲಕ್ಷ ಮಕ್ಕಳ ಮಾಹಿತಿ ನೋಡಿದವರು ಆ ಪಾಲು ಶೇಕಡ 80ರ ಆಸುಪಾಸು ಎಂದರು. ಉಳಿದಂತೆ ಅಪಾಯವನ್ನು ಸ್ವಲ್ಪ ಹೆಚ್ಚಿಸುವ ಅಂಶಗಳಿವೆ: ತಂದೆ ತಾಯಿಯ ಹೆಚ್ಚಿನ ವಯಸ್ಸು, ತೀರಾ ಅವಧಿಗೆ ಮುನ್ನ ಆಗುವ ಹೆರಿಗೆ, ಗರ್ಭಿಣಿಗೆ ರುಬೆಲ್ಲಾ ಸೋಂಕು, ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೊಯೇಟ್ ಮಾತ್ರೆ. ಈ ಮಾತ್ರೆಯನ್ನು ಯಾರೂ ತಾವಾಗಿ ನಿಲ್ಲಿಸಬಾರದು, ಮಗು ಬಯಸುವ ಮೊದಲೇ ವೈದ್ಯರ ಬಳಿ ಮಾತಾಡಬೇಕು. ಅಪಾಯದ ಅಂಶ ಎಂದರೆ ಕಾರಣ ಎಂದಲ್ಲ. ನಲವತ್ತು ವರ್ಷದ ತಂದೆಯರ ಮಕ್ಕಳಲ್ಲಿ ಬಹುಪಾಲು ಮಕ್ಕಳಿಗೆ ಆಟಿಸಂ ಇರುವುದಿಲ್ಲ.

ನಮ್ಮ ಊರಿನ ಪಟ್ಟಿಗೂ ಉತ್ತರ ಹೇಳಬೇಕಲ್ಲ. ಲಸಿಕೆಯ ಭಯ ಹುಟ್ಟಿಸಿದ್ದು 1998ರಲ್ಲಿ ಬ್ರಿಟನ್ನಿನ ವೈದ್ಯ ಆಂಡ್ರೂ ವೇಕ್‌ಫೀಲ್ಡ್ 12 ಮಕ್ಕಳ ಬಗ್ಗೆ ಪ್ರಕಟಿಸಿದ ಲೇಖನ. 2010ರಲ್ಲಿ ಪತ್ರಿಕೆ ಅದನ್ನು ಹಿಂಪಡೆಯಿತು, ಅವರ ವೈದ್ಯ ನೋಂದಣಿಯೂ ರದ್ದಾಯಿತು. 2019ರಲ್ಲಿ ಡೆನ್ಮಾರ್ಕಿನ 6,57,461 ಮಕ್ಕಳ ಅಧ್ಯಯನದಲ್ಲಿ ಲಸಿಕೆಗೂ ಆಟಿಸಂಗೂ ಸಂಬಂಧ ಸಿಗಲಿಲ್ಲ. ನಮ್ಮ ರಾಜ್ಯದಲ್ಲಿ 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ ಶಾಲೆಯ ಸಾಲಿನಲ್ಲಿ ನಿಂತು ಚುಚ್ಚಿಸಿಕೊಂಡವರಲ್ಲಿ ನಾನೂ ಒಬ್ಬಳು. ಗರ್ಭಿಣಿಗೆ ಬರುವ ರುಬೆಲ್ಲಾ ಆಟಿಸಂನ ಅಪಾಯಗಳಲ್ಲಿ ಒಂದು. ಅಂದರೆ ಈ ಲಸಿಕೆ ಆ ಅಪಾಯವನ್ನು ತಡೆಯುವಂಥದು!

ಇನ್ನು ತೋಟದ ಸಿಂಪಡಣೆ. ಮಳೆಗಾಲಕ್ಕೆ ಮೊದಲು ಕಾಫಿಗೆ, ಮೆಣಸಿಗೆ ಹೊಡೆಯುವ ಬೋರ್ಡೊ ದ್ರಾವಣ ಮೈಲುತುತ್ತ ಮತ್ತು ಸುಣ್ಣದ್ದು. ಅದು ಕೀಟನಾಶಕವಲ್ಲ, ಶಿಲೀಂಧ್ರನಾಶಕ. ಕೆಲವು ಕೀಟನಾಶಕಗಳ ಹತ್ತಿರ ವಾಸಿಸಿದ ಗರ್ಭಿಣಿಯರ ಬಗ್ಗೆ ಹೊರದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ಸಣ್ಣ ಸಂಬಂಧ ಕಂಡಿದೆ, ಕಾರಣವೆಂದು ಸಾಬೀತಾಗಿಲ್ಲ. ಗರ್ಭಿಣಿಯರು ಎಲ್ಲ ಬಗೆಯ ಸಿಂಪಡಣೆಯಿಂದ ದೂರವಿರುವುದು ಹೇಗೂ ಒಳ್ಳೆಯದು. ತಾಯಿ ಕೆಲಸಕ್ಕೆ ಹೋಗುವುದರಿಂದ ಆಟಿಸಂ ಬರುವುದಿಲ್ಲ. ಒಂಟಿ ಮನೆಯಿಂದಲೂ ಬರುವುದಿಲ್ಲ. ಆದರೆ ಒಂಟಿ ಮನೆಯಲ್ಲಿ ಅದು ಕಣ್ಣಿಗೆ ಬೀಳುವುದು ತಡವಾಗುತ್ತದೆ. ಹೋಲಿಸಿ ನೋಡಲು ಓರಗೆಯ ಮಗು ಇಲ್ಲ. ನಮ್ಮ ಮನೆಯಲ್ಲಿ ಆದದ್ದೂ ಅದೇ. ಗಂಡುಮಕ್ಕಳಿಗೆ ಮಾತು ತಡ ಎಂದು ಹಿರಿಯರು ಸಮಾಧಾನ ಹೇಳಿದರು, ಅಕ್ಕ ಕಾದಳು.

ಅನುವಂಶೀಯತೆಯ ಮಾತು ಬಂದಾಗ ಇನ್ನೊಂದು ಕಷ್ಟ ಎದುರಾಗುತ್ತದೆ. ಸಾಕಿದ್ದು ಸರಿಯಿಲ್ಲ ಎನ್ನುತ್ತಿದ್ದವರು ಈಗ ರಕ್ತ ಸರಿಯಿಲ್ಲ ಎನ್ನುತ್ತಾರೆ. ನನಗೆ ಗಂಡು ನೋಡುತ್ತಿರುವ ಹೊತ್ತಿನಲ್ಲಿ, ಈ ವಿಷಯ ಬಾಯಿಬಿಡಬೇಡ ಎಂದು ದೊಡ್ಡಮ್ಮ ಹೇಳಿದ್ದಾರೆ. ನಾನು ಇಲ್ಲಿ ಬರೆಯುತ್ತಿದ್ದೇನೆ. ನೂರಾರು ಜೀನುಗಳು ಇದರಲ್ಲಿ ಪಾಲ್ಗೊಳ್ಳುತ್ತವೆ, ಕೆಲವು ಬದಲಾವಣೆಗಳು ತಂದೆ ತಾಯಿಯಲ್ಲಿ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಆಗುತ್ತವೆ. ಜೀನು ಎಂದರೆ ಆರೋಪ ಅಲ್ಲ, ಯಾರೂ ಆರಿಸಿ ಪಡೆದದ್ದೂ ಅಲ್ಲ. ಈ ಕಾರಣಕ್ಕೆ ಹಿಂದೆ ಸರಿಯುವ ಸಂಬಂಧ ಮೊದಲೇ ಹಿಂದೆ ಸರಿಯಲಿ.

ಹಾಗಾದರೆ ಮೊದಲು ಇಲ್ಲದ ಆಟಿಸಂ ಈಗೇಕೆ ಇಷ್ಟು? ಈ ಪ್ರಶ್ನೆ ಕೇಳದ ಪೋಷಕರಿಲ್ಲ. 1966ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಬಾರಿ ಎಣಿಸಿದಾಗ 10,000 ಮಕ್ಕಳಲ್ಲಿ 4.5 ಎಂದು ಬಂತು. ಅಮೆರಿಕದ ಎಂಟು ವರ್ಷದ ಮಕ್ಕಳಲ್ಲಿ 2000ದಲ್ಲಿ 150ಕ್ಕೆ ಒಬ್ಬರಿದ್ದದ್ದು 2022ರಲ್ಲಿ 31ಕ್ಕೆ ಒಬ್ಬರಾಯಿತು. ಓದಿದರೆ ಎದೆ ನಡುಗುತ್ತದೆ. ಆದರೆ ಕ್ಯಾನರ್ ತುಂಬಾ ಕಿರಿದಾದ ಗೆರೆ ಎಳೆದಿದ್ದರು, ಅದರೊಳಗೆ ಬಂದವರು ಕೆಲವರೇ. 1987, 1994, 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಬದಲಾದಂತೆ ಗೆರೆ ಅಗಲವಾಯಿತು. ಹಿಂದೆ ಬುದ್ಧಿಮಾಂದ್ಯ, ಮೊಂಡ, ಮಾತು ಬಾರದವನು ಎಂದು ಕರೆಸಿಕೊಂಡ ಎಷ್ಟೋ ಮಕ್ಕಳು ಈಗ ಸರಿಯಾದ ಹೆಸರಿನಡಿ ಬರುತ್ತಿದ್ದಾರೆ. ಅಪಾಯದ ಅಂಶಗಳಲ್ಲಿ ಕೆಲವು ಹೆಚ್ಚಿರುವುದೂ ನಿಜ, ಏರಿಕೆಯ ಒಂದಿಷ್ಟು ಪಾಲು ಅದರದ್ದಿರಬಹುದು. ಆದರೆ ದೊಡ್ಡ ಪಾಲು ನಮ್ಮ ಕಣ್ಣು ತೆರೆದದ್ದರಿಂದ ಬಂದದ್ದು. ನಮ್ಮ ದೇಶದ 2011ರ ಜನಗಣತಿಯಲ್ಲಿ ಅಂಗವಿಕಲತೆಯ ಪಟ್ಟಿಯೊಳಗೆ ಆಟಿಸಂಗೆ ಕಾಲಂ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಗಳಲ್ಲಿ ಅದನ್ನೂ ಸೇರಿಸಿತು. ಎಣಿಸದೇ ಇದ್ದುದನ್ನು ಇರಲಿಲ್ಲ ಎನ್ನಲು ಬರುತ್ತದೆಯೇ?

ಕ್ಯಾನರ್ ಅವರ ಮೊದಲ ಹುಡುಗನಿಗೆ ಏನಾಯಿತು? ಡೊನಾಲ್ಡ್‌ನನ್ನು ಕೆಲವು ವರ್ಷ ಊರಿನ ಹತ್ತಿರದ ಒಂದು ರೈತ ದಂಪತಿಯ ಮನೆಯಲ್ಲಿ ಬಿಟ್ಟಿದ್ದರು. ಎಣಿಸುವ ಹುಚ್ಚಿದ್ದ ಹುಡುಗನಿಗೆ ಅವರು ಜೋಳದ ಸಾಲು ಎಣಿಸುತ್ತಾ ಉಳಲು ಕಲಿಸಿದರು. ಅಳೆಯುವ ಹುಚ್ಚಿಗೆ ಬಾವಿಯ ಆಳ ಅಳೆಯುವ ಕೆಲಸ ಕೊಟ್ಟರು. 1945ರಲ್ಲಿ ಹೋಗಿ ನೋಡಿದ ಕ್ಯಾನರ್ ಆ ರೈತರ ಜಾಣ್ಮೆಗೆ ಬೆರಗಾದರು. ಡೊನಾಲ್ಡ್ ಮುಂದೆ ಪದವಿ ಪಡೆದ, ಬ್ಯಾಂಕಿನಲ್ಲಿ ಕೆಲಸ ಮಾಡಿದ, ಕಾರು ಓಡಿಸಿದ, ಒಬ್ಬನೇ ದೇಶ ದೇಶ ಸುತ್ತಿದ. 1971ರಲ್ಲಿ ಕ್ಯಾನರ್ ಆ 11 ಮಕ್ಕಳ ಜಾಡು ಹಿಡಿದು ಮತ್ತೆ ಬರೆದಾಗ, ಚೆನ್ನಾಗಿ ಬದುಕು ಕಟ್ಟಿಕೊಂಡವರು ಕಂಡದ್ದು ಇಬ್ಬರೇ. ಸರ್ಕಾರಿ ಆಸ್ಪತ್ರೆಗಳಿಗೆ ಸೇರಿದವರು ಮೊದಲಿದ್ದ ಶಕ್ತಿಯನ್ನೂ ಕಳೆದುಕೊಂಡಿದ್ದರು. ಕ್ಯಾನರ್ 1981ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಡೊನಾಲ್ಡ್ ತನ್ನನ್ನು ಬಲ್ಲ ಅದೇ ಪುಟ್ಟ ಊರಿನಲ್ಲಿ ಬಾಳಿ, 2023ರಲ್ಲಿ, 89ನೇ ವಯಸ್ಸಿನಲ್ಲಿ ಕಣ್ಣುಮುಚ್ಚಿದರು.

ಈ ಇಬ್ಬರ ಬದುಕಿನಿಂದ ನಾನು ತಿಳಿದದ್ದು ಇಷ್ಟೇ. ಯಾರ ತಪ್ಪು ಎಂಬ ಪ್ರಶ್ನೆಗೆ ಇಪ್ಪತ್ತು ವರ್ಷ ಹೋಯಿತು, ಒಂದು ಮಗುವಿಗೂ ಪ್ರಯೋಜನವಾಗಲಿಲ್ಲ. ಈ ಮಗುವಿಗೆ ಏನು ಕಲಿಸಬಹುದು ಎಂಬ ಪ್ರಶ್ನೆಗೆ ಪದವಿಯಿಲ್ಲದ ರೈತರೂ ಉತ್ತರ ಕಂಡುಕೊಂಡರು.

ಗೆಳೆಯರೇ, ಮನೆಯಲ್ಲಿ ಏನಾದರೂ ಸಂದೇಹ ಬಂದರೆ ದೊಡ್ಡವರು ಈಗ ಮೊದಲು ಕೇಳುವುದು ನಮ್ಮನ್ನೇ, ಫೋನಿನಲ್ಲಿ ನೋಡಿ ಹೇಳು ಎಂದು. ಸಂದೇಶ ಮುಂದೂಡುವ ಮೊದಲು ಒಂದಿಷ್ಟು ಓದಿ ಹೇಳೋಣ. ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದ, ಒಂದೂವರೆ ವರ್ಷವಾದರೂ ಬೇಕಾದ್ದಕ್ಕೆ ಬೆರಳು ತೋರಿಸದ, ಕಲಿತ ಮಾತನ್ನು ಬಿಟ್ಟ ಮಗು ಕಂಡರೆ ಕಾಯುವುದು ಬೇಡ. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಬಹುದು. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ಕಾರ್ಡು ಮಾಡಿಸಲು, ನಿರಾಮಯ ಆರೋಗ್ಯ ವಿಮೆಯ ಅರ್ಜಿ ತುಂಬಲು ನಮ್ಮಂಥ ಓದಿದವರ ಸಹಾಯ ಬಹಳ ಮನೆಗಳಿಗೆ ಬೇಕು. ವಾಕ್ ಚಿಕಿತ್ಸೆ, ವಿಶೇಷ ಶಿಕ್ಷಣ ಓದಿದವರ ಕೊರತೆ ನಮ್ಮಂಥ ಗುಡ್ಡಗಾಡು ಜಿಲ್ಲೆಯಲ್ಲಿ ಎದ್ದು ಕಾಣುತ್ತದೆ. ಕೆಲಸ ಹುಡುಕುವವರು ಅದನ್ನೂ ಒಂದು ದಾರಿಯಾಗಿ ನೋಡಬಹುದು. ಎಫ್‌ಡಿಎ ಪುಸ್ತಕಗಳ ನಡುವೆ ನಾನೀಗ ವಿಶೇಷ ಶಿಕ್ಷಣದ ಬಿ.ಎಡ್. ಅರ್ಜಿಯನ್ನೂ ಇಟ್ಟುಕೊಂಡಿದ್ದೇನೆ.

ಅಕ್ಕನ ಮಗನಿಗೆ ಈಗ ಆರು ವರ್ಷ. ಕಣದಲ್ಲಿ ಕಾಫಿ ಒಣಗಿಸುವಾಗ ಚೀಲ ಎಣಿಸುವುದು ಅವನ ಕೆಲಸ. ಒಂದು ಚೀಲವೂ ತಪ್ಪುವುದಿಲ್ಲ.